ಅಲರ್ಜಿ ಇದೆ, ಬಿಪಿ ಇದೆ, ಜ್ವರ ಬರುತ್ತಂತೆ: ಕೋವಿಡ್ ಲಸಿಕೆಗೆ ಹೋಗೋ ಮುಂಚೆ, ಹಾಕಿಸ್ಕೊಂಡ ಮೇಲೆ ಏನೇನು ನೋಡ್ಕೋಬೇಕು

2021ರಲ್ಲಿ ನಮ್ಮಮ್ಮಂಗೆ 67 ವರ್ಷ, ಬಿಪಿ ಇತ್ತು, ಅದಕ್ಕೂ ಸುಮಾರು ಇಪ್ಪತ್ತು ವರ್ಷದ ಹಿಂದೆ ಪೆನ್ಸಿಲಿನ್ ಇಂಜೆಕ್ಷನ್ ಹಾಕಿಸ್ಕೊಂಡು ಮೈಯೆಲ್ಲಾ ಗಂಧೆ ಎದ್ದಿತ್ತು. ಅದೊಂದನ್ನ ಹಿಡ್ಕೊಂಡು ಮಾರ್ಚ್ 1ಕ್ಕೆ 60 ದಾಟಿದವರಿಗೆ ಲಸಿಕೆ ಶುರುವಾದಾಗಿನಿಂದ "ನಂಗೆ ಇಂಜೆಕ್ಷನ್ ಅಲರ್ಜಿ ಕಣೇ, ನಂಗೆ ಬೇಡ" ಅಂತ ಕೂತುಬಿಟ್ರು. ನಾನೂ ಅದನ್ನೇ ನಂಬ್ಕೊಂಡೆ, ಯಾವ ಡಾಕ್ಟರನ್ನೂ ಕೇಳ್ಲಿಲ್ಲ. ಕೊನೆಗೆ ಎರಡನೇ ಅಲೆ ಏರ್ತಾ ಇರೋದು ನೋಡಿ ಭಯ ಬಿದ್ದು ನಮ್ಮ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡಿದ್ರೆ ಅವ್ರು ಎರಡೇ ನಿಮಿಷದಲ್ಲಿ ಹೇಳಿದ್ರು: ಪೆನ್ಸಿಲಿನ್‌ಗೂ ಈ ಲಸಿಕೆಗೂ ಸಂಬಂಧ ಇಲ್ಲ, ಕರ್ಕೊಂಡು ಹೋಗಿ, ಅಲ್ಲಿ ಹೇಳಿ ಹಾಕಿಸಿ, ಅರ್ಧ ಗಂಟೆ ಕೂರಿಸಿ. ಏಪ್ರಿಲ್ 22ಕ್ಕೆ ಫಸ್ಟ್ ಡೋಸ್ ಆಯ್ತು. ಆ ಏಳು ವಾರ ಅವ್ರು ಏನೂ ರಕ್ಷಣೆ ಇಲ್ಲದೆ ಇದ್ರಲ್ಲ ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಆಮೇಲೆ ನಮ್ಮ ಬೀದಿಯ ಎಷ್ಟೋ ಮನೆಯವರಿಗೆ ಸ್ಲಾಟ್ ಬುಕ್ ಮಾಡ್ಕೊಟ್ಟೆ, ಕರ್ಕೊಂಡು ಹೋದೆ, ಅವರೆಲ್ಲ ಕೇಳಿದ್ದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಾ ಇದೀನಿ. ಇಲ್ಲಿರೋ ರೂಲ್ಸ್ ಎಲ್ಲಾ 2021ರ ಜುಲೈ ತಿಂಗಳದ್ದು, ಆಗ್ಲೇ ಅವು ಪದೇ ಪದೇ ಬದಲಾಗ್ತಾ ಇದ್ವು, ಈಗ ಹೋಗೋದಾದ್ರೆ ಮುಂಚೆ ಒಂದ್ಸಲ ಆಸ್ಪತ್ರೆಯಲ್ಲಿ ಕೇಳಿ ಖಚಿತ ಮಾಡ್ಕೊಳ್ಳಿ. ನಾನು ಡಾಕ್ಟರಲ್ಲ. ನಿಮ್ಮ ಡಾಕ್ಟರ್ ನಿಮಗೇ ಅಂತ ಬೇರೆ ಏನಾದ್ರೂ ಹೇಳಿದ್ರೆ ಅದನ್ನೇ ಕೇಳಿ.

ಮೊದಲನೇದು: ಯಾರಿಗೆ ಹಾಕ್ತಿದ್ರು, ಯಾರಿಗೆ ಇಲ್ಲ

2021ರ ಜುಲೈ ಹೊತ್ತಿಗೆ 18 ತುಂಬಿದ ಎಲ್ರಿಗೂ ಹಾಕ್ತಿದ್ರು. ಮಾರ್ಚಲ್ಲಿ 45 ದಾಟಿ ಕಾಯಿಲೆ ಇದ್ರೆ ಡಾಕ್ಟರ್ ಸರ್ಟಿಫಿಕೇಟ್ ತರಬೇಕಿತ್ತು, ಜುಲೈಗೆ ಅದು ಬೇಕಾಗಿರ್ಲಿಲ್ಲ. ಸರ್ಕಾರಿ ಸೆಂಟರಲ್ಲಿ ಫ್ರೀ ಇತ್ತು. ಆಗ ನಮ್ಮಲ್ಲಿ ಹೆಚ್ಚಾಗಿ ಸಿಗ್ತಿದ್ದ ಲಸಿಕೆ ಎರಡು, ಕೋವಿಶೀಲ್ಡ್ ಮತ್ತೆ ಕೋವ್ಯಾಕ್ಸಿನ್; ಪ್ರೈವೇಟಲ್ಲಿ ಕೋವಿಶೀಲ್ಡ್‌ಗೆ 780, ಕೋವ್ಯಾಕ್ಸಿನ್‌ಗೆ 1410 ರೂಪಾಯಿಗಿಂತ ಜಾಸ್ತಿ ತಗೊಳ್ಳೋ ಹಾಗಿರ್ಲಿಲ್ಲ. ಮಕ್ಕಳಿಗೆ ಆಗ ಇನ್ನೂ ಬಂದಿರ್ಲಿಲ್ಲ.

ಶುಗರ್, ಬಿಪಿ, ಥೈರಾಯ್ಡ್, ಅಸ್ತಮಾ, ಸ್ಟೆಂಟ್ ಹಾಕಿಸ್ಕೊಂಡವರು, ಡಯಾಲಿಸಿಸ್‌ನಲ್ಲಿ ಇರೋರು, ಇವರಿಗೆಲ್ಲ ಲಸಿಕೆ ಬೇಡ ಅಂತಲ್ಲ, ಇವರಲ್ಲಿ ಕಾಯಿಲೆ ಜೋರಾಗಿದ್ದ ಹಲವರನ್ನ ಸರ್ಕಾರನೇ ಮುಂದಿನ ಸಾಲಲ್ಲಿ ನಿಲ್ಲಿಸಿತ್ತು. ನಮ್ಮ ಜನ ಇದನ್ನ ಉಲ್ಟಾ ಅರ್ಥ ಮಾಡ್ಕೊಂಡಿದಾರೆ. ಶುಗರ್ ಇದೆ ಅಂತ ಮನೇಲಿ ಕೂರ್ತಾರೆ, ಶುಗರ್ ಇರೋರಿಗೇ ಕೋವಿಡ್ ಬಂದ್ರೆ ಜಾಸ್ತಿ ಕಷ್ಟ. ಕ್ಯಾನ್ಸರ್ ಟ್ರೀಟ್ಮೆಂಟ್, ಅಂಗಾಂಗ ಕಸಿ, ತುಂಬಾ ದಿನದಿಂದ ಸ್ಟೀರಾಯ್ಡ್, ಈ ಥರ ಇದ್ರೆ ಲಸಿಕೆಯಿಂದ ತೊಂದರೆ ಅನ್ನೋದಕ್ಕಿಂತ ಅದು ಅಷ್ಟು ಚೆನ್ನಾಗಿ ಕೆಲಸ ಮಾಡದೇ ಇರಬಹುದು ಅನ್ನೋದೇ ಚಿಂತೆ, ಯಾವಾಗ ಹಾಕಿಸಿದ್ರೆ ಒಳ್ಳೇದು ಅಂತ ನೋಡ್ತಿರೋ ಡಾಕ್ಟರನ್ನ ಕೇಳಿ.

ಆಗಿನ ರೂಲ್ಸ್ ಪ್ರಕಾರ ಮುಂದಕ್ಕೆ ಹಾಕಬೇಕಿದ್ದವರು ಯಾರು ಅಂದ್ರೆ, ಕೋವಿಡ್ ಬಂದು ಹೋದವರು ಹುಷಾರಾದ ಮೇಲೆ 3 ತಿಂಗಳು ಕಾಯ್ಬೇಕಿತ್ತು. ಫಸ್ಟ್ ಡೋಸ್ ಆಗಿ ಸೆಕೆಂಡ್‌ಗೆ ಮುಂಚೆ ಬಂದ್ರೂ ಅಷ್ಟೇ, ಮೂರು ತಿಂಗಳು ಬಿಟ್ಟು ಎರಡನೇದು ಹಾಕಿಸ್ಬೇಕಿತ್ತು, ಮತ್ತೆ ಮೊದಲಿಂದ ಶುರು ಮಾಡೋದೇನೂ ಇರ್ಲಿಲ್ಲ. ಕೋವಿಡ್ ಟ್ರೀಟ್ಮೆಂಟಲ್ಲಿ ನಿಮಗೆ ಪ್ಲಾಸ್ಮಾ ಹಾಕಿದ್ರೆ ಡಿಸ್ಚಾರ್ಜ್ ಆದ ದಿನದಿಂದ 3 ತಿಂಗಳು. ಬೇರೆ ಯಾವುದೋ ದೊಡ್ಡ ಕಾಯಿಲೆಗೆ ಆಸ್ಪತ್ರೆ ಸೇರಿದ್ರೆ 4ರಿಂದ 8 ವಾರ. ಈವತ್ತು ಜ್ವರ ಇದ್ರೆ ಈವತ್ತು ಹೋಗ್ಬೇಡಿ. ಬೇರೆ ಯಾವುದಾದ್ರೂ ಲಸಿಕೆ ಹಾಕಿಸ್ಕೊಂಡಿದ್ರೆ ಮಧ್ಯೆ 14 ದಿನ ಗ್ಯಾಪ್ ಬಿಡಿ ಅಂತಿದ್ರು, ಆದ್ರೆ ನಾಯಿ ಕಚ್ಚಿದ್ರೆ ಆ ಇಂಜೆಕ್ಷನ್‌ನ ಯಾವ ಕಾರಣಕ್ಕೂ ಮುಂದಕ್ಕೆ ಹಾಕ್ಬೇಡಿ, ಅದು ಮೊದಲು.

ಬಸುರಿ ಹೆಂಗಸರಿಗೆ ಮೊದಲು ಇರ್ಲಿಲ್ಲ, 2021ರ ಜುಲೈ 2ಕ್ಕೆ ಕೇಂದ್ರ ಆರೋಗ್ಯ ಇಲಾಖೆ ಒಪ್ಪಿಗೆ ಕೊಡ್ತು. ಬಾಣಂತಿಯರಿಗೆ, ಮಗುಗೆ ಹಾಲು ಕುಡಿಸ್ತಿರೋರಿಗೆ ಅದೇ ವರ್ಷ ಮೇ ತಿಂಗಳಿಂದಾನೇ ಇತ್ತು, ಹಾಲು ಬಿಡಿಸೋದು ಬೇಡ, ಒಂದು ಹೊತ್ತೂ ಬೇಡ. ಮುಟ್ಟಾದಾಗ ಐದು ದಿನ ಹಿಂದೆ ಮುಂದೆ ಹಾಕಿಸ್ಬಾರ್ದು ಅಂತ ವಾಟ್ಸಾಪಲ್ಲಿ ಓಡಾಡಿದ ಮೆಸೇಜ್ ಪೂರ್ತಿ ಸುಳ್ಳು, ಸರ್ಕಾರನೇ ಸುಳ್ಳು ಅಂತ ಹೇಳಿದೆ, ಆದ್ರೂ ಅದನ್ನ ನಂಬಿ ಸಿಕ್ಕಿದ ಸ್ಲಾಟ್ ಬಿಟ್ಟ ಹುಡುಗಿ ನಮ್ಮ ಬೀದೀಲೇ ಇದಾಳೆ. ಮಕ್ಕಳಾಗಲ್ಲ ಅನ್ನೋದೂ ಅದೇ ಜಾತಿಯದ್ದು.

ಎರಡನೇದು: ಅಲರ್ಜಿ ವಿಷ್ಯ, ಇದನ್ನ ನಿಧಾನಕ್ಕೆ ಓದಿ

ನಮ್ಮಲ್ಲಿ ಅಲರ್ಜಿ ಅನ್ನೋ ಪದ ತುಂಬಾ ಸಡಿಲ. ಧೂಳಿಗೆ ಸೀನು ಬಂದ್ರೂ ಅಲರ್ಜಿ, ಬದನೆಕಾಯಿ ತಿಂದು ಮೈ ಕೆರೆದ್ರೂ ಅಲರ್ಜಿ, ಮಾತ್ರೆ ತಿಂದು ಹೊಟ್ಟೆ ಉರಿದ್ರೂ ಅಲರ್ಜಿ. ಲಸಿಕೆ ಹಾಕೋರಿಗೆ ಬೇಕಾಗಿರೋದು ಬೇರೆ. ಹಾಗಾಗಿ ಮನೆಯಲ್ಲೇ ಒಂದು ಚೀಟಿ ತಗೊಂಡು ನಾಲ್ಕು ವಿಷ್ಯ ಬರೀರಿ: ಯಾವುದಕ್ಕೆ ಆಗಿದ್ದು, ತಿಂದು ಅಥವಾ ಇಂಜೆಕ್ಷನ್ ಆಗಿ ಎಷ್ಟೊತ್ತಿಗೆ ಆಯ್ತು, ಮೈಯಲ್ಲಿ ಏನೇನಾಯ್ತು, ಆಗ ಏನು ಟ್ರೀಟ್ಮೆಂಟ್ ಕೊಟ್ರು. ಅಮ್ಮಂಗೆ ಈ ನಾಲ್ಕೂ ಕೇಳಿದಾಗ್ಲೇ ಗೊತ್ತಾಗಿದ್ದು, ಅವರಿಗೆ ಉಸಿರಾಟದ ತೊಂದರೆ ಆಗಿರ್ಲಿಲ್ಲ, ಗಂಧೆ ಎದ್ದು ಮಾತ್ರೆಯಲ್ಲೇ ಇಳಿದಿತ್ತು ಅಂತ. ಇಪ್ಪತ್ತು ವರ್ಷದಿಂದ ಮನೆಯಲ್ಲಿ ಆ ಕಥೆ ಬೆಳೆದು ಬೆಳೆದು "ಸತ್ತು ಬದುಕಿದೆ" ಅನ್ನೋ ಮಟ್ಟಕ್ಕೆ ಬಂದಿತ್ತು.

ಈಗ ಉತ್ತರ ನೋಡ್ಕೊಳ್ಳಿ. ಧೂಳು, ಹೂವಿನ ಪರಾಗ, ಸೀನು ನೆಗಡಿ, ಪಾರ್ಥೇನಿಯಮ್ ಮುಟ್ಟಿದ್ರೆ ತುರಿಕೆ, ಮೀನು ಸೀಗಡಿ ತಿಂದ್ರೆ ದದ್ದು, ಈ ಥರದವಕ್ಕೆ ಲಸಿಕೆ ಬಿಡೋ ಅಗತ್ಯ ಇಲ್ಲ, ಹೇಳಿ ಹಾಕಿಸ್ಕೊಳ್ಳಿ. ಮೊಟ್ಟೆ ಆಗಲ್ಲ ಅನ್ನೋರು ಕೂಡ ಹೆದರ್ಬೇಡಿ, ಕೋವಿಶೀಲ್ಡ್ ಆಗ್ಲಿ ಕೋವ್ಯಾಕ್ಸಿನ್ ಆಗ್ಲಿ ಮೊಟ್ಟೆಯಲ್ಲಿ ತಯಾರಾಗೋದಲ್ಲ. ಯಾವುದೇ ಔಷಧಿ, ಊಟ, ಬೇರೆ ಲಸಿಕೆಗೆ ಹಿಂದೆ ಯಾವತ್ತಾದ್ರೂ ಜೋರು ರಿಯಾಕ್ಷನ್ ಆಗಿದ್ರೆ, ಅಂದ್ರೆ ಉಸಿರು ಕಟ್ಟೋದು, ತುಟಿ ನಾಲಿಗೆ ಊದ್ಕೊಳ್ಳೋದು, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿರೋದು, ಅಂಥವರು ನೇರ ಸೆಂಟರಿಗೆ ಹೋಗ್ಬೇಡಿ, ಮೊದಲು ಡಾಕ್ಟರನ್ನ ಕೇಳಿ. ಕೇಳಿದ ಮೇಲೂ ಪಕ್ಕದಲ್ಲಿ ಎಮರ್ಜೆನ್ಸಿ ಇರೋ ದೊಡ್ಡ ಆಸ್ಪತ್ರೆಯಲ್ಲೇ ಹಾಕಿಸ್ಕೊಳ್ಳಿ, ಕಲ್ಯಾಣ ಮಂಟಪದ ಕ್ಯಾಂಪಲ್ಲಿ ಬೇಡ.

ನಿಜವಾಗ್ಲೂ ಹಾಕಿಸ್ಲೇಬಾರ್ದು ಅನ್ನೋದು ಯಾರಿಗೆ ಅಂದ್ರೆ, ಇದೇ ಲಸಿಕೆಯ ಹಿಂದಿನ ಡೋಸಿಗೆ ಆ ಥರ ಜೋರು ರಿಯಾಕ್ಷನ್ ಆದವರಿಗೆ, ಇಲ್ಲಾ ಅದರೊಳಗಿರೋ ವಸ್ತುಗೇ ಅಲರ್ಜಿ ಇರೋದು ಗೊತ್ತಿರೋರಿಗೆ. ಒಳಗೆ ಏನಿದೆ ಅಂತ ಹೇಳ್ತೀನಿ, ಡಾಕ್ಟರಿಗೆ ತೋರ್ಸೋಕೆ ಬೇಕಾಗುತ್ತೆ. ಕೋವಿಶೀಲ್ಡಲ್ಲಿ ಕಾಯಿಲೆ ತರದ ಹಾಗೆ ಮಾಡಿರೋ ಅಡಿನೋವೈರಸ್ ಜೊತೆಗೆ ಹಿಸ್ಟಿಡಿನ್, ಮೆಗ್ನೀಷಿಯಂ ಕ್ಲೋರೈಡ್, ಪಾಲಿಸಾರ್ಬೇಟ್ 80, ಸ್ವಲ್ಪ ಎಥನಾಲ್, ಸಕ್ಕರೆ, ಉಪ್ಪು, ಇಡಿಟಿಎ, ನೀರು. ಕೋವ್ಯಾಕ್ಸಿನಲ್ಲಿ ಸಾಯಿಸಿದ ಕೊರೊನಾ ವೈರಸ್ಸೇ ಇರೋದು, ಜೊತೆಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್, ರೋಗನಿರೋಧಕ ಶಕ್ತೀನ ಎಬ್ಬಿಸೋ ಇನ್ನೊಂದು ವಸ್ತು, ಫಿನಾಕ್ಸಿಎಥನಾಲ್, ಉಪ್ಪುನೀರಿನ ದ್ರಾವಣ. ಎರಡರಲ್ಲೂ ಪೆನ್ಸಿಲಿನ್ ಇಲ್ಲ, ಸಲ್ಫಾ ಅನ್ನೋ ಔಷಧಿಯೂ ಇಲ್ಲ. ಒಂದರೊಳಗಿನ ವಸ್ತು ಆಗಲ್ಲ ಅಂದ್ರೆ ಇನ್ನೊಂದು ಆಗಬಹುದು, ಆದ್ರೆ ಆ ತೀರ್ಮಾನ ಡಾಕ್ಟರ್ ಮಾಡ್ಲಿ.

ಅಮೆರಿಕದಲ್ಲಿರೋ ಬಂಧುಗಳು ಕಳಿಸೋ ಮೆಸೇಜುಗಳ ಬಗ್ಗೆ ಒಂದು ಮಾತು. ಅಲ್ಲಿ ಜಾಸ್ತಿ ಕೊಡ್ತಿರೋದು ಫೈಜರ್, ಮಾಡೆರ್ನಾ, ಅದರೊಳಗಿನ ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ವಸ್ತುವಿನ ಅಲರ್ಜಿ ಬಗ್ಗೆ, ಹುಡುಗರಲ್ಲಿ ಹೃದಯದ ಉರಿಯೂತದ ಬಗ್ಗೆ ಅಲ್ಲಿ ಎಚ್ಚರಿಕೆ ಕೊಟ್ಟಿದಾರೆ. ಅದು ಸುಳ್ಳಲ್ಲ, ಆದ್ರೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗ್ತಿದ್ದಿದ್ದು ಆ ಲಸಿಕೆ ಅಲ್ಲ. ಮೆಸೇಜ್ ಬಂದ್ರೆ ಮೊದಲು ಯಾವ ಲಸಿಕೆ ಬಗ್ಗೆ ಬರ್ದಿದಾರೆ ಅಂತ ನೋಡಿ.

ಮೂರನೇದು: ಮಾತ್ರೆಗಳು, ಅದರಲ್ಲೂ ರಕ್ತ ತೆಳು ಮಾಡೋದು

ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಯಾವುದನ್ನೂ ಆವತ್ತು ಬಿಡ್ಬೇಡಿ. ಖಾಲಿ ಹೊಟ್ಟೇಲಿ ಹೋಗ್ಬೇಡಿ, ಶುಗರ್ ಇರೋರಂತೂ ಕ್ಯೂನಲ್ಲಿ ಎರಡು ಗಂಟೆ ನಿಂತ್ರೆ ಅಲ್ಲೇ ತಲೆ ತಿರುಗುತ್ತೆ, ಆಮೇಲೆ ಲಸಿಕೆಯಿಂದಾನೇ ಆಯ್ತು ಅಂತ ಹೆಸರು ಬರುತ್ತೆ.

ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದು ತಗೊಳ್ಳೋರಿಗೆ ಇರೋ ಚಿಂತೆ ಏನಪ್ಪಾ ಅಂದ್ರೆ ಸೂಜಿ ತೋಳಿನ ಸ್ನಾಯುಗೆ ಹೋಗುತ್ತೆ, ಅಲ್ಲಿ ರಕ್ತ ಒಸರಿ ಗಂಟು ಕಟ್ಬಹುದು ಅಂತ ಅಷ್ಟೇ. ಹಾಕೋರಿಗೆ ಮೊದಲೇ ಹೇಳಿ, ಹಾಕಿದ ಮೇಲೆ ಹತ್ತಿ ಇಟ್ಟು ಎರಡು ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ, ಉಜ್ಜಬೇಡಿ. ವಾರ್ಫರಿನ್‌ನವರು ಐಎನ್ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋ ಲೆಕ್ಕ, ಸರಿಯಾಗಿದೆಯಾ ಅಂತ ಮುಂಚೆ ಟೆಸ್ಟ್ ಮಾಡಿಸಿ ಡಾಕ್ಟರಿಗೆ ತೋರ್ಸಿ. ದಯವಿಟ್ಟು ನೀವಾಗೇ ಆ ಮಾತ್ರೆ ನಿಲ್ಲಿಸ್ಬೇಡಿ, ಸ್ಟೆಂಟ್ ಇರೋರು ಹಾಗೆ ನಿಲ್ಲಿಸಿದ್ರೆ ಅದರಿಂದಲೇ ಅಪಾಯ. ಹಿಮೋಫಿಲಿಯಾ ಥರ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ತೊಂದರೆ ಇರೋರು ನಿಮ್ಮ ತಜ್ಞರ ಜೊತೆ ಮಾತಾಡಿಯೇ ದಿನ ಗೊತ್ತು ಮಾಡಿ.

ಮುಂಚೇನೇ ಒಂದು ಡೋಲೋ, ಅಂದ್ರೆ ಪ್ಯಾರಾಸಿಟಮಾಲ್ ಮಾತ್ರೆ, ನುಂಗಿ ಹೋಗೋ ಅಭ್ಯಾಸ ಬೇಡ. ಜ್ವರ ನೋವು ಬಂದ್ಮೇಲೆ ತಗೊಳ್ಳಿ.

ನಾಲ್ಕನೇದು: ಆ ದಿನ, ಸೆಂಟರಲ್ಲಿ

2021ರ ಜುಲೈನಲ್ಲಿ, ಸ್ಲಾಟ್ ಬುಕ್ ಮಾಡೋ ಕೋವಿನ್ ವೆಬ್‌ಸೈಟಲ್ಲಿ ಒಂದು ಫೋನ್ ನಂಬರಿಗೆ ನಾಲ್ಕು ಜನರನ್ನ ಸೇರಿಸ್ಬಹುದಿತ್ತು. ಆಧಾರಲ್ಲಿ ಇರೋ ಹಾಗೇ ಹೆಸರು, ಹುಟ್ಟಿದ ವರ್ಷ ಹಾಕ್ಬೇಕಿತ್ತು. ಸ್ಲಾಟ್ ಬುಕ್ ಆದಾಗ ಬರ್ತಿದ್ದ ನಾಲ್ಕಂಕಿ ಕೋಡ್ ಇಂಜೆಕ್ಷನ್ ಹಾಕೋ ಮುಂಚೆ ಅಲ್ಲಿರೋ ಸಿಬ್ಬಂದಿಗೆ ಹೇಳ್ಬೇಕಿತ್ತು, ಅದು ಎಂಟ್ರಿ ಆದ್ರೇನೇ ಲೆಕ್ಕ ಸರಿ ಇರ್ತಿದ್ದಿದ್ದು. ಮೊಬೈಲ್ ಬಾರದ ಹಿರಿಯರಿದ್ರೆ ಆಶಾ ಕಾರ್ಯಕರ್ತೆಯನ್ನ ಕೇಳ್ಬಹುದಿತ್ತು, ಸೆಂಟರಲ್ಲೇ ನೇರ ರಿಜಿಸ್ಟರ್ ಮಾಡಿಸೋಕೂ ಆಗ್ತಿತ್ತು. ತೋಳು ಸಲೀಸಾಗಿ ಮೇಲೇರೋ ಬಟ್ಟೆ ಹಾಕ್ಕೊಳ್ಳಿ, ಅಮ್ಮನ ಬ್ಲೌಸ್ ತೋಳು ಬಿಗಿಯಾಗಿತ್ತು, ಅಲ್ಲಿ ಎಲ್ಲರ ಮುಂದೆ ಮುಜುಗರ ಪಟ್ಕೊಂಡ್ರು ಪಾಪ. ಬರೆಯೋ ಕೈ ಬಿಟ್ಟು ಇನ್ನೊಂದು ತೋಳು ಕೊಡಿ.

ಚೀಟಿ ತೋರಿಸಿ. ಅವರು ಕೇಳ್ಲಿ ಬಿಡ್ಲಿ, ನೀವೇ ಹೇಳಿ: ಈ ಅಲರ್ಜಿ ಇದೆ, ಈ ಮಾತ್ರೆ ತಗೋತೀನಿ, ಇಷ್ಟು ತಿಂಗಳ ಬಸುರಿ, ಹೋದ ಸಲ ಹಾಕಿಸ್ಕೊಂಡಿದ್ದು ಈ ಲಸಿಕೆ. ಯಾವ ಲಸಿಕೆ ಹಾಕ್ತಿದೀರಾ ಅಂತ ಕೇಳೋಕೆ ಸಂಕೋಚ ಬೇಡ.

ಆಮೇಲೆ 30 ನಿಮಿಷ ಕೂರೋದು. ಇದ್ರ ಬಗ್ಗೆ ನಂಗೆ ಕೋಪ ಇದೆ, ಯಾಕಂದ್ರೆ ನಾನು ಪಕ್ಕದ ಮನೆ ಅಂಕಲ್‌ನ ಕರ್ಕೊಂಡು ಹೋಗಿದ್ದ ಒಂದು ಸೆಂಟರಲ್ಲಿ ಜನ ಜಾಸ್ತಿ ಅಂತ ಐದು ನಿಮಿಷಕ್ಕೇ ಎಬ್ಬಿಸಿ ಕಳಿಸಿದ್ರು, ನಾವು ಗೇಟ್ ಹೊರಗೆ ಮರದ ಕೆಳಗೆ ಕೂತು ಅರ್ಧ ಗಂಟೆ ಲೆಕ್ಕ ಹಾಕಿದ್ವಿ. ನಮ್ಮ ದೇಶದಲ್ಲಿ ಲಸಿಕೆಯ ಅಲರ್ಜಿಯಿಂದಲೇ ಆಗಿದ್ದು ಅಂತ, ಲಸಿಕೆ ಆದ್ಮೇಲಿನ ತೊಂದರೆಗಳನ್ನ ಪರಿಶೀಲಿಸೋ ರಾಷ್ಟ್ರೀಯ ಸಮಿತಿ 2021ರ ಜುಲೈ ಹೊತ್ತಿಗೆ ಖಚಿತ ಮಾಡಿದ್ದ ಒಂದು ಸಾವಿತ್ತು, ಮಾರ್ಚ್ 8ಕ್ಕೆ ಹಾಕಿಸ್ಕೊಂಡ 68 ವರ್ಷದ ಒಬ್ಬರದ್ದು. ಅದೇ ವರದೀಲಿ ಜನವರಿಯಲ್ಲಿ ಹಾಕಿಸ್ಕೊಂಡ ಇನ್ನಿಬ್ಬರಿಗೂ ಅದೇ ಥರ ರಿಯಾಕ್ಷನ್ ಆಗಿ, ಆಸ್ಪತ್ರೆ ಸೇರಿ ಹುಷಾರಾಗಿದ್ದು ಇದೆ. ಕೋಟಿಗಟ್ಟಲೆ ಡೋಸಲ್ಲಿ ಇಷ್ಟು ಅಂದ್ರೆ ಬಹಳ ಅಪರೂಪ, ಅದನ್ನ ಮುಚ್ಚಿಟ್ಟು ಧೈರ್ಯ ಹೇಳೋದು ನಂಗೆ ಇಷ್ಟ ಇಲ್ಲ. ಈ ಥರದ್ದು ಸಾಮಾನ್ಯವಾಗಿ ಮೊದಲ ಕೆಲವು ನಿಮಿಷದಿಂದ ಅರ್ಧ ಗಂಟೆಯೊಳಗೇ ಶುರುವಾಗುತ್ತೆ, ಸೆಂಟರಲ್ಲಿ ಅದಕ್ಕೆ ಅಂತಾನೇ ಅಡ್ರಿನಲಿನ್ ಇಂಜೆಕ್ಷನ್ ಇಟ್ಟಿರ್ತಾರೆ, ಅದನ್ನ ತಕ್ಷಣ ತೊಡೆಗೆ ಕೊಟ್ರೆ ಜೀವ ಉಳಿಯುತ್ತೆ. ಬಸ್ಸಲ್ಲಿ ಕೂತಿದ್ರೆ ಯಾರು ಕೊಡ್ತಾರೆ?

ಕೂತಿರೋವಾಗ ಏನು ನೋಡ್ಬೇಕು: ಮೈಮೇಲೆ ಗಂಧೆ, ತುಟಿ ಕಣ್ಣು ನಾಲಿಗೆ ಊತ, ಗಂಟಲು ಬಿಗಿಯೋದು, ದನಿ ಒಡೆಯೋದು, ಉಬ್ಬಸ, ಎದೆ ಡವಡವ, ಇದ್ದಕ್ಕಿದ್ದ ಹಾಗೆ ವಾಂತಿ, ಕಣ್ಣು ಕತ್ತಲೆ. ಇದರಲ್ಲಿ ಒಂದು ಬಂದ್ರೂ ಕೂಗಿ ಕರೀರಿ, "ಸ್ವಲ್ಪ ನೋಡೋಣ" ಅಂತ ಕಾಯ್ಬೇಡಿ. ಸೂಜಿ ನೋಡಿ ಹೆದರಿ ತಲೆ ಸುತ್ತಿ ಬೀಳೋದು ಬೇರೆ, ಅದ್ರಲ್ಲಿ ಮುಖ ಬಿಳಿಚಿ ತಣ್ಣನೆ ಬೆವರು ಬರುತ್ತೆ, ಗಂಧೆ ಊತ ಇರಲ್ಲ, ಮಲಗಿಸಿ ಕಾಲು ಎತ್ತಿ ಹಿಡಿದ್ರೆ ಸ್ವಲ್ಪ ಹೊತ್ತಲ್ಲೇ ಸರಿ ಹೋಗ್ತಾರೆ. ಆದ್ರೂ ಯಾವುದು ಯಾವುದು ಅಂತ ನಿರ್ಧಾರ ಮಾಡೋ ಕೆಲಸ ನಿಮ್ಮದಲ್ಲ, ಸಿಸ್ಟರ್ ನೋಡ್ಲಿ.

ಐದನೇದು: ಮನೆಗೆ ಬಂದ ಮೇಲೆ

ತೋಳು ನೋವು, ಚಳಿ, ಜ್ವರ, ತಲೆನೋವು, ಮೈಕೈ ಮುರಿಯೋ ಸುಸ್ತು. ಕೋವಿಶೀಲ್ಡಲ್ಲಿ ಫಸ್ಟ್ ಡೋಸಿಗೆ ಜಾಸ್ತಿ, ವಯಸ್ಸಿನ ಹುಡುಗರಿಗೆ ಹಿರಿಯರಿಗಿಂತ ಜಾಸ್ತಿ, ಕೋವ್ಯಾಕ್ಸಿನಲ್ಲಿ ಸಾಮಾನ್ಯವಾಗಿ ಕಮ್ಮಿ. ಮಧ್ಯಾಹ್ನ ಹಾಕಿಸ್ಕೊಂಡ್ರೆ ರಾತ್ರಿ ಶುರುವಾಗುತ್ತೆ, ಒಂದೆರಡು ದಿನಕ್ಕೆ ಹೋಗುತ್ತೆ. ನಂಗೆ ರಾತ್ರಿ ಎರಡು ಕಂಬಳಿ ಹೊದ್ರೂ ನಡುಕ ನಿಲ್ಲಲಿಲ್ಲ, ಅಮ್ಮಂಗೆ ಬರೀ ತೋಳು ನೋವು ಅಷ್ಟೇ. ಜ್ವರ ಬರ್ಲಿಲ್ಲ ಅಂದ್ರೆ ಲಸಿಕೆ ಕೆಲಸ ಮಾಡ್ಲಿಲ್ಲ, ನೀರು ಹಾಕಿ ಕಳಿಸಿದಾರೆ ಅಂತ ಅಮ್ಮ ಎರಡು ದಿನ ಕೊರಗಿದ್ರು, ಹಾಗೇನಿಲ್ಲ. ಜ್ವರ ಬಂದವರಿಗೂ ಬರದವರಿಗೂ ಲಸಿಕೆ ಕೆಲಸ ಮಾಡುತ್ತೆ.

ದೊಡ್ಡೋರಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಒಂದು ಮಾತ್ರೆ, ಬೇಕಾದ್ರೆ ಆರು ಗಂಟೆ ಬಿಟ್ಟು ಇನ್ನೊಂದು, ದಿನಕ್ಕೆ ನಾಲ್ಕು ದಾಟಿಸ್ಬೇಡಿ. ಲಿವರ್ ತೊಂದರೆ ಇರೋರು, ತುಂಬಾ ತೆಳ್ಳಗಿರೋ ವಯಸ್ಸಾದವರು ಡಾಕ್ಟರನ್ನ ಕೇಳಿ ಕಮ್ಮಿ ತಗೊಳ್ಳಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಎರಡೂ ಸೇರಿ ಜಾಸ್ತಿ ಆಗ್ದೇ ಇರ್ಲಿ. ತೋಳಿಗೆ ಒದ್ದೆ ಬಟ್ಟೆ ಇಡಿ, ಕೈ ಆಡಿಸ್ತಾ ಇರಿ. ಗಂಜಿ, ತಿಳಿಸಾರು, ಎಳನೀರು, ಏನು ಸೇರುತ್ತೋ ಅದು, ನೀರಂತೂ ಚೆನ್ನಾಗಿ ಕುಡೀರಿ. ಹಿರಿಯರು ಕೇಳೋ ಪಥ್ಯದ ಪ್ರಶ್ನೆ: ನಂಜು ಅಂತ ಬದನೆಕಾಯಿ, ಕೋಳಿ, ಮೀನು ಬಿಡ್ಬೇಕಾ? ಬೇಡ. ನಿಮಗೆ ಮೊದಲಿಂದ ಆಗದೇ ಇರೋದು ಬಿಟ್ಟು ಎಲ್ಲಾ ತಿನ್ನಿ. ಸ್ನಾನ ಮಾಡ್ಬಹುದು. ಕೆಲವರಿಗೆ ಕಂಕುಳಲ್ಲಿ ಸಣ್ಣ ಗಂಟು ಬರುತ್ತೆ, ಅದೂ ತಾನಾಗೇ ಇಳಿಯುತ್ತೆ. ಇಳೀಲಿಲ್ಲ ಅಂದ್ರೆ ತೋರ್ಸಿ.

ಇಲ್ಲಿ ಒಂದು ಮುಖ್ಯ ವಿಷ್ಯ ಇದೆ, ಎರಡನೇ ಅಲೇಲಿ ತುಂಬಾ ಜನ ಎಡವಿದ್ದು ಇದ್ರಲ್ಲೇ. ಕೆಮ್ಮು, ಗಂಟಲು ಕೆರೆತ, ಮೂಗು ಸೋರೋದು, ವಾಸನೆ ರುಚಿ ಹೋಗೋದು, ಇವನ್ನ ಲಸಿಕೆಯ ಸೈಡ್ ಎಫೆಕ್ಟ್ ಅಂತ ತಳ್ಳಿಹಾಕ್ಬೇಡಿ. ಲಸಿಕೆ ಜ್ವರ ಅಂತ ಸಮಾಧಾನ ಮಾಡ್ಕೊಂಡು ಕೂರ್ಬೇಡಿ. ಇವು ಬಂದ್ರೆ, ಇಲ್ಲಾ ಜ್ವರ ಎರಡು ದಿನ ದಾಟಿದ್ರೆ, ಟೆಸ್ಟ್ ಮಾಡ್ಸಿ, ಆಮ್ಲಜನಕ ನೋಡ್ಕೊಳ್ಳಿ. ಲಸಿಕೆಯಿಂದ ಕೋವಿಡ್ ಬರಲ್ಲ, ಆದ್ರೆ ಲಸಿಕೆಯ ಕ್ಯೂನಲ್ಲಿ ಬರಬಹುದು, ಅದಕ್ಕೇ ಮಾಸ್ಕ್ ತೆಗೀಬೇಡಿ. ರಕ್ಷಣೆ ಚೆನ್ನಾಗಿ ಬರೋದು ಎರಡನೇ ಡೋಸ್ ಆಗಿ ಎರಡು ವಾರದ ಮೇಲೆ.

ಆರನೇದು: ಮೂರು ವಾರ ನೆನಪಲ್ಲಿ ಇಟ್ಕೊಳ್ಳೋ ಲಕ್ಷಣಗಳು

ಕೋವಿಶೀಲ್ಡ್ ಹಾಕಿಸ್ಕೊಂಡ ಬಹಳ ಕಮ್ಮಿ ಜನಕ್ಕೆ ರಕ್ತ ಹೆಪ್ಪುಗಟ್ಟೋ ತೊಂದರೆ ಆಗಿದೆ. 2021ರ ಮೇ 17ಕ್ಕೆ ರಾಷ್ಟ್ರೀಯ ಸಮಿತಿ ಹೇಳಿದ ಲೆಕ್ಕ ಹತ್ತು ಲಕ್ಷ ಡೋಸಿಗೆ 0.61. ಯುರೋಪಲ್ಲಿ ಇದಕ್ಕಿಂತ ಜಾಸ್ತಿ ಕಂಡಿದೆ. ಹಾಕಿಸ್ಕೊಂಡ ಮೇಲೆ 20 ದಿನದೊಳಗೆ ಈ ಕೆಳಗಿನದ್ದು ಏನಾದ್ರೂ ಬಂದ್ರೆ ಸೀದಾ ಆಸ್ಪತ್ರೆಗೆ ಹೋಗಿ ಅಂತ ಇಲಾಖೆ ಹೇಳಿದೆ: ಉಸಿರಾಟಕ್ಕೆ ಕಷ್ಟ, ಎದೆನೋವು, ಕೈ ಅಥವಾ ಕಾಲು ನೋವಾಗಿ ಊದ್ಕೊಳ್ಳೋದು, ಚುಚ್ಚಿದ ಜಾಗ ಬಿಟ್ಟು ಬೇರೆ ಕಡೆ ಚರ್ಮದಲ್ಲಿ ಸೂಜಿಮೊನೆ ಅಷ್ಟು ಕೆಂಪು ಚುಕ್ಕೆ ಇಲ್ಲಾ ನೀಲಿ ಕಲೆ, ಬಿಡದೇ ಕಾಡೋ ಹೊಟ್ಟೆನೋವು, ಹಿಂದೆ ಯಾವತ್ತೂ ಬಾರದಂಥ ಜೋರು ತಲೆನೋವು, ಫಿಟ್ಸ್, ಕಣ್ಣು ಮಂಜಾಗೋದು ಅಥವಾ ಎರಡೆರಡು ಕಾಣೋದು, ಕೈಕಾಲು ಸ್ವಾಧೀನ ತಪ್ಪೋದು. ಇದನ್ನ ಮೊದಲ ರಾತ್ರಿಯ ಜ್ವರ ತಲೆನೋವಿನ ಜೊತೆ ಗಂಟು ಹಾಕ್ಬೇಡಿ. ಅದು ಬಂದು ಹೋಗೋದು, ಇದು ಸಾಮಾನ್ಯವಾಗಿ ನಾಲ್ಕೈದು ದಿನ ಕಳೆದ ಮೇಲೆ ಬರೋದು. ಹೋದಾಗ "ಇಂಥ ದಿನ ಕೋವಿಶೀಲ್ಡ್ ಹಾಕಿಸಿದ್ದೆ" ಅಂತ ಮೊದಲು ಹೇಳಿ, ಯಾಕಂದ್ರೆ ಪ್ಲೇಟ್‌ಲೆಟ್ ಟೆಸ್ಟ್ ಮಾಡಿಸ್ಬೇಕು, ಕೊಡೋ ಔಷಧಿಯೂ ಬದಲಾಗುತ್ತೆ.

ಏನಾದ್ರೂ ಜೋರು ತೊಂದರೆ ಆಗಿದ್ರೆ ಟ್ರೀಟ್ಮೆಂಟ್ ಆದ್ಮೇಲೆ ಸುಮ್ಮನಿರ್ಬೇಡಿ, ಹಾಕಿಸ್ಕೊಂಡ ಸೆಂಟರಿಗೆ ತಿಳಿಸಿ ರಿಪೋರ್ಟ್ ಮಾಡ್ಸಿ, ಅಲ್ಲಿ ಕೇಳ್ದೇ ಇದ್ರೆ ಜಿಲ್ಲೆಯಲ್ಲಿ ತಾಯಿ ಮಕ್ಕಳ ಆರೋಗ್ಯ, ಲಸಿಕೆ ನೋಡ್ಕೊಳ್ಳೋ ಆರ್‌ಸಿಎಚ್ ಅಧಿಕಾರಿ ಕಚೇರಿ ಇದೆ. 0.61 ಅನ್ನೋ ಲೆಕ್ಕ ಬಂದಿದ್ದು ಹಾಗೆ ಯಾರೋ ಹೇಳಿದ್ದಕ್ಕೇ.

ಸೆಕೆಂಡ್ ಡೋಸ್

2021ರ ಜುಲೈನಲ್ಲಿ ಎರಡು ಡೋಸಿನ ಮಧ್ಯೆ ಕೋವಿಶೀಲ್ಡ್‌ಗೆ 12ರಿಂದ 16 ವಾರ, ಅಂದ್ರೆ ಕಮ್ಮಿ ಅಂದ್ರೂ 84 ದಿನ ತುಂಬ್ಬೇಕಿತ್ತು. ಕೋವ್ಯಾಕ್ಸಿನ್ 4ರಿಂದ 6 ವಾರ. ಎರಡೂ ಡೋಸ್ ಒಂದೇ ಲಸಿಕೆ ಇರ್ಬೇಕಿತ್ತು. ತಡ ಆಯ್ತು ಅಂದ್ರೆ ಮೊದಲನೇದು ವೇಸ್ಟ್ ಆಗಲ್ಲ, ಸಿಕ್ಕಿದ ದಿನ ಹಾಕಿಸಿ. ಓದೋಕೆ, ಕೆಲಸಕ್ಕೆ ಹೊರದೇಶಕ್ಕೆ ಹೋಗೋರಿಗೆ 28 ದಿನಕ್ಕೇ ಕೋವಿಶೀಲ್ಡ್ ಸೆಕೆಂಡ್ ಡೋಸ್ ಕೊಡೋ ವ್ಯವಸ್ಥೆ 2021ರ ಜೂನಿಂದ ಇತ್ತು, ಅಡ್ಮಿಷನ್ ಅಥವಾ ಆಫರ್ ಲೆಟರ್, ಪಾಸ್‌ಪೋರ್ಟ್ ತಗೊಂಡು ಹೋಗ್ಬೇಕಿತ್ತು, ಸರ್ಟಿಫಿಕೇಟಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸ್ಕೋಬೇಕಿತ್ತು. ಕೋವ್ಯಾಕ್ಸಿನ್ 2021ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆಗಳ ಪಟ್ಟೀಲಿ ಇರ್ಲಿಲ್ಲ, ಫ್ಲೈಟ್ ಹತ್ತೋ ಹುಡುಗರು ಫಸ್ಟ್ ಡೋಸಿಗೆ ಮುಂಚೇನೇ ಆ ದೇಶದ ರೂಲ್ಸ್ ನೋಡ್ಕೋಬೇಕಿತ್ತು.

ಮೊದಲ ಡೋಸಿಗೆ ಜ್ವರ, ನಡುಕ ಬಂತು ಅಂತ ಎರಡನೇದು ಬಿಡೋರು ಇದಾರೆ, ಅದು ಬಿಡೋ ಕಾರಣ ಅಲ್ಲ, ಕೋವಿಶೀಲ್ಡಲ್ಲಿ ಎರಡನೇ ಸಲ ಸಾಮಾನ್ಯವಾಗಿ ಕಮ್ಮೀನೇ ಇರೋದು. ಉಸಿರು ಕಟ್ಟಿ ಊದ್ಕೊಂಡಿದ್ರೆ, ರಕ್ತ ಹೆಪ್ಪುಗಟ್ಟಿದ್ರೆ ಅದೇ ಲಸಿಕೆ ಮತ್ತೆ ಬೇಡ, ಮುಂದೇನು ಅಂತ ಡಾಕ್ಟರ್ ಹೇಳ್ಬೇಕು. ಅಮ್ಮನ 84 ದಿನ ಜುಲೈ 15ಕ್ಕೆ ತುಂಬ್ತಿತ್ತು, ಆ ಸಲ ಅವರೇ ಕ್ಯಾಲೆಂಡರಲ್ಲಿ ಗುರುತು ಹಾಕಿ, ಸಡಿಲ ತೋಳಿನ ಬ್ಲೌಸ್ ಹೊಲಿಸಿ ಇಟ್ಕೊಂಡಿದ್ರು.